ಮಾಮಾಗ ಶುಗರ್ ಐತಿ

ನಮ್ಮ ಮನೆಯವರಿಗೆ ದ್ರಾಕ್ಷಿ ಗೊತ್ತಿರುವುದು ಮೂರೇ ರೂಪದಲ್ಲಿ: ಬಳ್ಳಿಯಲ್ಲಿ ಗೊನೆ, ರ‍್ಯಾಕಿನ ಮೇಲೆ ಮಣೂಕ, ಬ್ಯಾಂಕಿನ ಕಾಗದದಲ್ಲಿ ಸಾಲ. ವಿಜಯಪುರದ ಕಡೆ ದ್ರಾಕ್ಷಿ ಪಡ ಇದ್ದವರ ಮನೆಯಲ್ಲಿ ಇದಕ್ಕಿಂತ ಬೇರೆ ವೇದಾಂತ ಇರುವುದಿಲ್ಲ. ಹೆಚ್ಚುಕಡಿಮೆ ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ ಮಣೂಕ. ಆ ಒಂದು ಕಿಲೋಕ್ಕೆ ಈ ಸಲ ಏನು ದರ ಎಂಬುದರ ಮೇಲೆ ಮದುವೆ, ಮನೆಯ ಸ್ಲ್ಯಾಬು, ಮಕ್ಕಳ ಫೀಸು ಎಲ್ಲ ನಿಂತಿರುತ್ತವೆ. ದ್ರಾಕ್ಷಿಗೆ ನಾಲ್ಕನೆಯ ರೂಪವೂ ಒಂದಿದೆ, ಅದನ್ನು ಗಾಜಿನ ಲೋಟಕ್ಕೆ ಸುರಿದು ಕುಡಿಯುತ್ತಾರೆ ಎಂದು ಕೇಳಿ ಗೊತ್ತಿತ್ತು. ಆದರೆ ನಮ್ಮ ಅಜ್ಜನ ಎದುರಿಗೆ ಆ ಮಾತು ಎತ್ತುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಅಜ್ಜ ಹೋಗಿ ಕಾಲವಾಯಿತು, ಧೈರ್ಯ ಮಾತ್ರ ಇನ್ನೂ ಬಂದಿಲ್ಲ.

ಇಂಥ ಮನೆಯಿಂದ ಹೊರಟ ನಾನು ದ್ರಾಕ್ಷಾರಸದ ಆದಿಮೂಲಕ್ಕೇ ಹೋಗಿ ಬಿದ್ದದ್ದು ತಂಗಿಯ ಮಗಳ ದೆಸೆಯಿಂದ. ಆಕೆ ಡಾಕ್ಟರ್ ಆಗಲು ಜಾರ್ಜಿಯಾ ದೇಶದ ಟಿಬಿಲಿಸಿಗೆ ಹೋಗಿದ್ದಾಳೆ. ಜಾರ್ಜಿಯಾ ಎಂದರೆ ಅಮೆರಿಕದಲ್ಲೂ ಒಂದಿದೆ, ಇದು ಅದಲ್ಲ. ಇದು ಕಪ್ಪು ಸಮುದ್ರದ ಪೂರ್ವಕ್ಕೆ, ಕಾಕಸಸ್ ಪರ್ವತದ ತೆಕ್ಕೆಯಲ್ಲಿರುವ ಪುಟ್ಟ ದೇಶ. ಅಲ್ಲಿ ಓದುವ ಭಾರತದ ಮಕ್ಕಳು ಸಾವಿರಗಟ್ಟಲೆ. ‘ಮಗಳು ಹ್ಯಾಂಗದಾಳೋ, ಏನ ಉಣ್ತಾಳೋ, ಒಮ್ಮೆ ನೋಡ್ಕೊಂಡ ಬಾ’ ಎಂದು ತಂಗಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಟ್ಟಳು. ನನ್ನ ಅರಿವೆ ಇಟ್ಟುಕೊಳ್ಳಲು ಸೂಟ್‌ಕೇಸಿನಲ್ಲಿ ಒಂದು ಮೂಲೆ ಉಳಿದಿತ್ತು.

ಮಗಳು ಚೆನ್ನಾಗಿಯೇ ಇದ್ದಳು. ಏನುಣ್ಣುತ್ತಾಳೆಂದರೆ, ನಾವು ಮನೆಯಲ್ಲಿ ಉಣ್ಣುವುದಕ್ಕಿಂತ ಚೆನ್ನಾಗಿ ಉಣ್ಣುತ್ತಿದ್ದಳು. ಅವಳ ಬಾಡಿಗೆ ಮನೆಯ ಯಜಮಾನರದು ಮೂಲತಃ ಕಾಖೇತಿಯ ಹಳ್ಳಿ. ಕಾಖೇತಿ ಎಂದರೆ ದೇಶದ ಪೂರ್ವದ ಸೀಮೆ, ಅಲಾಜಾನಿ ನದಿಯ ಕಣಿವೆ. ಜಾರ್ಜಿಯಾದ ದ್ರಾಕ್ಷಿಯ ಬಹುಪಾಲು ಅಲ್ಲಿಯೇ ಬೆಳೆಯುವುದು. ಈ ಹುಡುಗಿಯ ಸೋದರಮಾವನದೂ ದ್ರಾಕ್ಷಿ ಪಡ ಎಂದು ಕೇಳಿದ್ದೇ ತಡ, ಯಜಮಾನರು ನನ್ನನ್ನು ಕಾರಿಗೆ ಹಾಕಿಕೊಂಡು ಹಳ್ಳಿಗೆ ಹೊರಟರು. ರೈತನಿಗೆ ರೈತನ ಹೊಲ ನೋಡುವ ಚಟ ಯಾವ ದೇಶದಲ್ಲೂ ಒಂದೇ. ಇಳಿದವನೇ ನಾನು ಮೊದಲು ಬಗ್ಗಿ ನೋಡಿದ್ದು ಬಳ್ಳಿಯ ಬುಡವನ್ನು.

ಬುಡಕ್ಕೆ ಕಸಿ ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದಿಂದ ಬಂದ ಫೈಲೋಕ್ಸೆರಾ ಎಂಬ ಬೇರುಹೇನು ಯುರೋಪಿನ ತೋಟಗಳನ್ನೆಲ್ಲ ತಿಂದು ಇಲ್ಲಿಗೂ ಬಂದಿತ್ತಂತೆ. ಆಗಿನಿಂದ ಮೇಲಿನ ಬಳ್ಳಿ ತಮ್ಮದು, ಕೆಳಗಿನ ಬೇರು ಹೇನಿಗೆ ಜಗ್ಗದ ಅಮೆರಿಕದ್ದು. ನಮ್ಮಲ್ಲೂ ಹಾಗೇ. ಡಾಗ್‌ರಿಡ್ಜ್ ಎಂದು ನಾವು ನೆಡುವ ಬೇರೂ ಅಮೆರಿಕದ್ದೇ. ನಮಗದು ಬೇಕಾದದ್ದು ಹೇನಿನ ಭಯಕ್ಕಲ್ಲ, ಸವಳು ನೀರು ಮತ್ತು ಬರಕ್ಕೆ. ಚಾಟ್ನಿ, ಅಂದರೆ ಬಳ್ಳಿ ಸವರುವುದು, ಎಷ್ಟು ಸಲ ಎಂದು ಯಜಮಾನರು ಕೇಳಿದರು. ಏಪ್ರಿಲಿಗೊಮ್ಮೆ, ಅಕ್ಟೋಬರಿಗೊಮ್ಮೆ ಎಂದೆ. ಅವರು ಬಳ್ಳಿಯ ಕಡೆ ನೋಡಿ, ನನ್ನ ಕಡೆ ನೋಡಿ, ‘ನಿಮ್ಮ ಬಳ್ಳಿ ಮಲಗುವುದು ಯಾವಾಗ?’ ಎಂದರು. ಅವರ ಬಳ್ಳಿ ಹಿಮ ಬಿದ್ದೊಡನೆ ಎಲೆ ಉದುರಿಸಿ ವಸಂತದವರೆಗೂ ನಿದ್ದೆ ಹೊಡೆಯುತ್ತದೆ. ನಮ್ಮ ಬಿಸಿಲಲ್ಲಿ ಬಳ್ಳಿಗೆ ನಿದ್ದೆಯೆಲ್ಲಿ? ಅದಕ್ಕಿಲ್ಲ, ಅದರ ಒಡೆಯನಿಗೂ ಇಲ್ಲ.

ಆಮೇಲೆ ನೆಲಮಾಳಿಗೆಗೆ ಕರೆದೊಯ್ದರು. ಮರಾನಿ ಎನ್ನುತ್ತಾರೆ ಅದಕ್ಕೆ. ನಾನು ಪೀಪಾಯಿಗಳ ಸಾಲು ಇರುತ್ತದೆಂದುಕೊಂಡಿದ್ದೆ. ನೋಡಿದರೆ ಬರಿಯ ನೆಲ. ನೆಲದಲ್ಲಿ ಅಲ್ಲಲ್ಲಿ ದುಂಡನೆಯ ಬಾಯಿ, ಬಾಯಿಗೆ ಮುಚ್ಚಳ. ನನಗೆ ಕಣ್ಣಿಗೆ ಕಟ್ಟಿದ್ದು ನಮ್ಮ ಹಳೆಯ ವಾಡೆಯ ಅಂಗಳದಲ್ಲಿದ್ದ ಹಗೇವು. ಮುಂಗಾರಿಗೆ ಮುಂಚೆ ಜೋಳ ತುಂಬಿ ಬಾಯಿಗೆ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದ ಆ ಕಾಳಿನ ಕುಳಿಯೇ ಇದು, ಒಳಗಿರುವುದು ಮಾತ್ರ ಬೇರೆ. ಹಗೇವಿಗೆ ಇಳಿಯುವ ಮುನ್ನ ಒಳಗಿನ ಕೆಟ್ಟ ಗಾಳಿಗೆ ಹೆದರಿ ಬಾಯಿ ತೆರೆದಿಟ್ಟು ಕಾಯುತ್ತಿದ್ದರಲ್ಲ, ಇಲ್ಲಿಯೂ ಅದೇ ಹೆದರಿಕೆ. ರಸ ಹುದುಗುವಾಗ ಏಳುವ ಇಂಗಾಲದ ಡೈಆಕ್ಸೈಡು ಗಾಳಿಗಿಂತ ಭಾರ. ತಳದಲ್ಲಿ ಕೂತು ಮನುಷ್ಯನನ್ನು ತೆಗೆದುಬಿಡುತ್ತದೆ.

ಆ ಮಣ್ಣಿನ ಗುಡಾಣಕ್ಕೆ ಕ್ವೆವ್ರಿ ಎಂದು ಹೆಸರು. ಮೊಟ್ಟೆಯಾಕಾರ, ತಳ ಚೂಪು, ಒಳಮೈಗೆ ಜೇನುಮೇಣದ ಲೇಪ. ಕೆಲವು ಮನೆಬಳಕೆಯ ಪುಟ್ಟವು, ಕೆಲವಕ್ಕೆ ಸಾವಿರಾರು ಲೀಟರು ಹಿಡಿಯುತ್ತದೆ. ಕಂಠದವರೆಗೂ ನೆಲದಲ್ಲಿ ಹೂತಿರುವುದರಿಂದ ಹೊರಗೆ ಬೇಸಿಗೆಯಾಗಲಿ ಹಿಮವಾಗಲಿ ಒಳಗಿನ ತಂಪು ಹೆಚ್ಚು ಆಚೀಚೆ ಆಗುವುದಿಲ್ಲ. ಸೆಪ್ಟೆಂಬರ್ ಅಕ್ಟೋಬರಿನ ಸುಗ್ಗಿಯಲ್ಲಿ ಹಣ್ಣು ತುಳಿದು ರಸ, ಸಿಪ್ಪೆ, ಬೀಜ, ಕಾಖೇತಿಯಲ್ಲಾದರೆ ತೊಟ್ಟನ್ನೂ ಕೂಡಿಯೇ ಒಳಗೆ ಹಾಕುತ್ತಾರೆ. ಹುದುಗುವಷ್ಟು ದಿನ ಕೋಲಿನಿಂದ ಕಲಕುತ್ತಾರೆ. ಹುದುಗುವುದು ನಿಂತ ಮೇಲೆ ಮುಚ್ಚಿ, ಸಂದಿಗೆ ಮಣ್ಣು ಮೆತ್ತಿ, ವಸಂತದವರೆಗೆ ಮರೆತುಬಿಡುತ್ತಾರೆ. ಬಿಳಿ ದ್ರಾಕ್ಷಿಯದಾದರೂ ಐದಾರು ತಿಂಗಳು ಸಿಪ್ಪೆಯ ಜೊತೆ ಇದ್ದದ್ದರಿಂದ ತೆಗೆಯುವಾಗ ಬಣ್ಣ ಅಂಬರಿಗೆ ತಿರುಗಿರುತ್ತದೆ. 2013ರಲ್ಲಿ ಯುನೆಸ್ಕೋ ಈ ವಿದ್ಯೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಯಜಮಾನರಿಗೆ ಅದು ದೊಡ್ಡ ಸುದ್ದಿಯೇನಲ್ಲ. ಪಟ್ಟಿಯಲ್ಲಿದ್ದರೂ ಇಲ್ಲದಿದ್ದರೂ ಗುಡಾಣ ತೊಳೆಯುವ ಕೆಲಸ ತಪ್ಪುತ್ತದೆಯೇ?

ಎಷ್ಟು ಹಳೆಯದು ಈ ಕಸುಬು ಎಂದರೆ ಅವರು ಸಲೀಸಾಗಿ ‘ಎಂಟು ಸಾವಿರ ವರ್ಷ’ ಅಂದುಬಿಟ್ಟರು. ನಮ್ಮೂರಲ್ಲಿ ಉತಾರದಿಂದ ಅಜ್ಜನ ಹೆಸರು ತೆಗೆಸಿ ಅಪ್ಪನ ಹೆಸರು ಕೂಡಿಸುವಷ್ಟರಲ್ಲಿ ಅಪ್ಪನ ಹೆಸರೂ ತೆಗೆಯುವ ಹೊತ್ತು ಬಂದಿರುತ್ತದೆ, ಇವರು ಎಂಟು ಸಾವಿರ ವರ್ಷದ ಲೆಕ್ಕ ಕೊಡುತ್ತಾರಲ್ಲ ಎಂದು ನನಗೆ ಸಂಶಯ. ಆದರೆ ಅದಕ್ಕೆ ದಾಖಲೆ ಇದೆ. ಟಿಬಿಲಿಸಿಯ ದಕ್ಷಿಣಕ್ಕೆ ಗದಾಚ್ರಿಲಿ ಗೋರಾ, ಶುಲಾವೇರಿಸ್ ಗೋರಾ ಎಂಬ ಎರಡು ದಿಬ್ಬಗಳಲ್ಲಿ ಅಗೆದಾಗ ನವಶಿಲಾಯುಗದ ಮಡಕೆ ಚೂರುಗಳು ಸಿಕ್ಕವು. ಚೂರುಗಳು ಹೀರಿಕೊಂಡಿದ್ದನ್ನು ಪರೀಕ್ಷಿಸಿದರೆ ಟಾರ್ಟಾರಿಕ್ ಆಮ್ಲ. ಅಂದರೆ ದ್ರಾಕ್ಷಿಯ ಹೆಬ್ಬೆಟ್ಟಿನ ಗುರುತು. ಕ್ರಿಸ್ತಪೂರ್ವ 6000ದ ಆಸುಪಾಸಿನವು. ಅಮೆರಿಕದ ಪ್ಯಾಟ್ರಿಕ್ ಮೆಕ್‌ಗವರ್ನ್ ಮತ್ತು ಸಂಗಡಿಗರು 2017ರಲ್ಲಿ ಇದನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಹಿರಿತನದ ಪಟ್ಟ ಇರಾನಿನ ಹಾಜಿ ಫಿರೂಜ್ ತೆಪೆ ಎಂಬ ಜಾಗದ ಮಡಕೆಗಳಿಗಿತ್ತು. ಪಟ್ಟ ಹೋಯಿತು.

ಈಗ ಊಟಕ್ಕೆ ಬರೋಣ. ಜಾರ್ಜಿಯಾದಲ್ಲಿ ಅತಿಥಿಗೆ ಹಾಕುವ ಊಟಕ್ಕೆ ಸುಪ್ರಾ ಎನ್ನುತ್ತಾರೆ. ಇದಕ್ಕೊಬ್ಬ ಅಧ್ಯಕ್ಷ, ತಮಾದಾ. ಅವನು ಎದ್ದು ಹಾರೈಕೆ ಹೇಳದೆ ಯಾರೂ ಲೋಟ ಎತ್ತುವಂತಿಲ್ಲ. ಶಾಂತಿಗೆ, ನಾಡಿಗೆ, ತೀರಿಹೋದವರಿಗೆ, ಮಕ್ಕಳಿಗೆ, ಬಂದವರಿಗೆ ಎಂದು ಹಾರೈಕೆ ಒಂದರ ಹಿಂದೊಂದು. ಒಂದೊಂದೂ ಒಂದು ಉಪನ್ಯಾಸ. ಕೊನೆಗೆ ಎಲ್ಲರೂ ‘ಗೌಮಾರ್ಜೋಸ್!’ ಇದೆಲ್ಲ ನಡೆಯಬೇಕಾದದ್ದು ವೈನ್ ಹಿಡಿದೇ. ಬಿಯರ್ ಲೋಟ ಎತ್ತಿ ಹಾರೈಸಿದರೆ ಆ ಮನುಷ್ಯ ನಿಮಗೆ ಆಗದವನು ಎಂದು ಹಳಬರ ತಿಳುವಳಿಕೆ. ಮೇಜಿನ ಮೇಲೆ ನನ್ನಂಥವನಿಗೆ ಏನಿರುತ್ತದೋ ಎಂದು ಹೆದರಿದ್ದೆ. ವಾಲ್‌ನಟ್ ಅರೆದು ತುಂಬಿದ ಬದನೆಕಾಯಿ, ಮಣ್ಣಿನ ಗಡಿಗೆಯಲ್ಲಿ ಬೆಂದ ಹುರುಳಿಕಾಯಿಬೀಜ, ಪಾಲಕ್ ಉಂಡೆ, ಗಿಣ್ಣಿನಂಥ ಚೀಸು ತುಂಬಿ ಬೇಯಿಸಿದ ಖಾಚಾಪುರಿ. ಅವರ ಚರ್ಚಿನ ಉಪವಾಸದ ದಿನಗಳು ಬಹಳವಾದ್ದರಿಂದ ಮಾಂಸವಿಲ್ಲದ ಅಡುಗೆಯಲ್ಲಿ ಅವರ ಕೈ ಪಳಗಿದೆ. ನಾನು ತಂದಿದ್ದ ಶೇಂಗಾ ಚಟ್ನಿಯನ್ನೂ ಮಗಳು ನಡುವೆ ಇಟ್ಟಳು. ಅದು ಎಲ್ಲಕ್ಕಿಂತ ಮೊದಲು ಖಾಲಿಯಾಯಿತು ಎಂದು ನಾನು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದೇನೆ. ನಿಜವಾಗಿ ಖಾಲಿಯಾದದ್ದು ಅರ್ಧ.

ಕುಡಿಯುವುದಿಲ್ಲ ಎಂದರೆ ಯಜಮಾನರ ಮುಖ ಬಾಡುತ್ತದೆ, ಅದಕ್ಕೆ ಬರುವಾಗಲೇ ಮಗಳಿಗೆ ಹೇಳಿಟ್ಟಿದ್ದೆ: ‘ಮಾಮಾಗ ಶುಗರ್ ಐತಿ, ಡಾಕ್ಟರ್ ಬ್ಯಾಡ ಅಂದಾರ ಅಂತ ಹೇಳವ್ವಾ.’ ಶುಗರ್ ಇರುವುದು ನಿಜವೇ. ನಮ್ಮ ಕಡೆ ಈ ಒಂದು ಮಾತಿಗೆ ಪೇಡೆ ಕೊಡುವವರೂ ಹಿಂದೆ ಸರಿಯುತ್ತಾರೆ. ಮಗಳು ಅವರ ಭಾಷೆಯಲ್ಲಿ ಅಂದಳು. ಯಜಮಾನರ ಮುಖ ಬಾಡುವುದಿರಲಿ, ಅರಳಿತು! ಒಳಗೆ ಹೋಗಿ ಒಂದು ಸೀಸೆ ತಂದು ನನ್ನ ಎದುರಿಗೆ ಕುಕ್ಕಿ, ‘ಹಾಗಾದರೆ ಇದು ನಿಮಗಾಗಿಯೇ. ಇದರಲ್ಲಿ ಸಕ್ಕರೆಯೇ ಇಲ್ಲ, ಡ್ರೈ!’ ಎಂದರು. ನಾನು ಮಗಳ ಮುಖ ನೋಡಿದೆ. ಮುಂದೆ ಡಾಕ್ಟರ್ ಆಗುವ ಹುಡುಗಿ ನಗು ತಡೆಯುತ್ತ, ‘ಅವರು ಹೇಳೂದು ಖರೇನ ಐತಿ ಮಾಮಾ, ಒಂದ ಗುಟುಕ ತೊಗೋರಿ’ ಎಂದು ಅವರ ಕಡೆ ಸೇರಿಕೊಂಡಳು. (ಶುಗರ್ ಇರುವ ಓದುಗರು ಇದನ್ನು ಔಷಧದ ಚೀಟಿ ಎಂದುಕೊಳ್ಳಬೇಡಿ. ಸಕ್ಕರೆ ಇಲ್ಲದಿದ್ದರೂ ಮದ್ಯಸಾರ ಇರುತ್ತದೆ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದು ಬೇರೆಯೇ ಉಪದ್ರವ ಕೊಡಬಲ್ಲದು. ನಿಮ್ಮ ಡಾಕ್ಟರರು ನನ್ನ ಸೊಸೆಯಷ್ಟು ಸಡಿಲ ಇರಲಿಕ್ಕಿಲ್ಲ.)

ಆ ಸೀಸೆಯೇ ತ್ಸಿನಂದಾಲಿ. ಸಕ್ಕರೆ ಎಲ್ಲಿ ಹೋಯಿತು ಎನ್ನುವುದು ದ್ರಾಕ್ಷಿ ಬೆಳೆದವನಿಗೆ ಸುಮ್ಮನೆ ಬಿಡುವ ಪ್ರಶ್ನೆಯಲ್ಲ. ನಾವು ಇಡೀ ಸುಗ್ಗಿ ಬ್ರಿಕ್ಸ್ ಮೀಟರು ಕಣ್ಣಿಗೆ ಹಿಡಿದುಕೊಂಡು ಸಕ್ಕರೆ ಏರಿತೇ ಏರಿತೇ ಎಂದು ಕಾಯುವವರು. 22 ದಾಟಿದರೆ ಮಣೂಕಕ್ಕೆ ತೂಕ ಬರುತ್ತದೆ. ಇವರೂ ಅಷ್ಟೇ ಸಿಹಿಯ ಹಣ್ಣು ಕೀಳುತ್ತಾರೆ, ಆದರೆ ಆ ಸಿಹಿಯನ್ನು ಯೀಸ್ಟಿಗೆ ಉಣಿಸಿಬಿಡುತ್ತಾರೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ತಿಂದರೆ ಯೀಸ್ಟು ಶೇ 1ರಷ್ಟು ಮದ್ಯಸಾರ ಹುಟ್ಟಿಸುತ್ತದೆ. ಪಾತ್ರೆ ನೆಕ್ಕುವವರೆಗೂ ತಿನ್ನಬಿಟ್ಟು, ಲೀಟರಿಗೆ ನಾಲ್ಕು ಗ್ರಾಮೋ ಅದಕ್ಕೂ ಕಡಿಮೆಯೋ ಉಳಿದರೆ ಅದು ಡ್ರೈ. ನಡುವೆಯೇ ತಡೆದರೆ ಸಿಹಿ ಉಳಿಯುತ್ತದೆ. ಜಾರ್ಜಿಯಾದಲ್ಲಿ ಹಾಗೆ ಅರೆಸಿಹಿಯವೂ ಇವೆ, ಸೋವಿಯತ್ ದೊರೆಗಳ ನಾಲಗೆಗೆ ಅವು ಬಹಳ ಹಿಡಿಸಿದ್ದವು.

ನಾನು ತೆಗೆದುಕೊಂಡದ್ದು ಬರೀ ಗುಟುಕು. ಬಣ್ಣ ತಿಳಿ ಹುಲ್ಲಿನದು. ಮೊದಲು ಹುಳಿ, ಆಮೇಲೆ ಹಸಿರು ಸೇಬಿನ ವಾಸನೆ, ಕೊನೆಗೆ ಮತ್ತೆ ಹುಳಿ. ನನ್ನ ಮೊದಲ ಯೋಚನೆ ‘ಇವರು ಹಣ್ಣು ಹದಿನೈದು ದಿನ ಮುಂಚೆ ಕಿತ್ತಿದ್ದಾರೆ’ ಎಂಬುದು. ಬಾಯಿ ಬಿಟ್ಟು ಹೇಳಲಿಲ್ಲ, ಪುಣ್ಯ. ಖಾಚಾಪುರಿಯ ಚೀಸಿನ ಜಿಡ್ಡು ನಾಲಗೆಗೆ ಮೆತ್ತಿಕೊಂಡಿದ್ದಾಗ ಎರಡನೆಯ ಗುಟುಕು ಅದನ್ನು ತೊಳೆದುಕೊಂಡು ಹೋಯಿತು. ಆಗ ಗೊತ್ತಾಯಿತು ಆ ಹುಳಿಗೆ ಏನು ಕೆಲಸ ಎಂದು. ಬಹುಪಾಲು ರ್ಕಾತ್ಸಿತೇಲಿ ಎಂಬ ತಳಿ, ಸ್ವಲ್ಪ ಮ್ತ್ಸ್ವಾನೆ. ಈ ಎರಡು ಹೆಸರು ಹೇಳಿಸುವ ಪ್ರಯತ್ನದಲ್ಲಿ ಯಜಮಾನರ ಹೆಂಡತಿ ನನ್ನ ಮೇಲೆ ಬಹಳ ಶ್ರಮಪಟ್ಟರು. ಐನೂರಕ್ಕೂ ಹೆಚ್ಚು ದೇಶೀ ತಳಿಗಳಿವೆಯಂತೆ ಆ ಪುಟ್ಟ ದೇಶದಲ್ಲಿ. ನಾವು ಥಾಮ್ಸನ್ ಸೀಡ್‌ಲೆಸ್ ಒಂದನ್ನೇ ಅದರ ಮಕ್ಕಳುಮರಿಗಳ ಸಮೇತ ನಂಬಿಕೊಂಡು ಕೂತಿದ್ದೇವೆ.

ಆದರೆ ಒಂದು ವಿಷಯ ನನ್ನ ತಲೆಗೆ ಹೊಳೆಯುತ್ತಲೇ ಇರಲಿಲ್ಲ. ಇದೇನು ಬೆಳ್ಳಗಿದೆ? ನೆಲದಲ್ಲಿ ನೋಡಿದ್ದು ಅಂಬರು ಬಣ್ಣದ್ದಲ್ಲವೇ? ಕೇಳಿದೆ. ‘ಅದು ಮನೆಯದು. ಇದು ಯುರೋಪಿನ ಪದ್ಧತಿಯದು. ಅತಿಥಿಗೆ ಇದೇ ಹಿಡಿಸುತ್ತದೆಂದು ತೆಗೆದೆ’ ಎಂದರು. ತ್ಸಿನಂದಾಲಿಗೆ ರಸ ಹಿಂಡಿದೊಡನೆ ಸಿಪ್ಪೆ ಬೇರೆ ಮಾಡುತ್ತಾರೆ, ಆಮೇಲೆ ಓಕ್ ಮರದ ಪೀಪಾಯಿಯಲ್ಲಿ ಬಲಿಸುತ್ತಾರೆ. ಎಂಟು ಸಾವಿರ ವರ್ಷದ ನಾಡಿನ ಹೆಸರಾಂತ ವೈನ್ ಹುಟ್ಟಿದ್ದು ನೋಡಿದರೆ 1886ರಲ್ಲಿ! ಹುಟ್ಟಿದ ಮನೆಯ ಕಥೆ ಮಾತ್ರ ವೈನಿಗಿಂತ ಗಟ್ಟಿ.

ತ್ಸಿನಂದಾಲಿ ಎನ್ನುವುದು ತೆಲಾವಿ ಪಟ್ಟಣದ ಬಳಿಯ ಒಂದು ಊರು. ಅಲ್ಲಿಯ ಜಹಗೀರುದಾರ ಅಲೆಕ್ಸಾಂಡರ್ ಚಾವ್ಚಾವಾಡ್ಜೆ (1786–1846). ಕವಿ, ರಷ್ಯದ ಸೇನೆಯಲ್ಲಿ ಜನರಲ್, ಆದರೂ 1832ರಲ್ಲಿ ಅದೇ ರಷ್ಯದ ವಿರುದ್ಧದ ಸಂಚಿನಲ್ಲಿ ಹೆಸರು ಕೇಳಿಬಂದು ಗಡೀಪಾರಾದವನು. ಹುಟ್ಟಿದ್ದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಫ್ರೆಂಚು ಬಲ್ಲವನು, ಯುರೋಪು ಕಂಡವನು. ತನ್ನ ತೋಟದ ಹಣ್ಣಿಗೆ ಯುರೋಪಿನ ಪದ್ಧತಿ ಹಚ್ಚಿ, ವೈನನ್ನು ಸೀಸೆಗೆ ತುಂಬಿಸುವುದನ್ನು ಶುರು ಮಾಡಿದವನು ಅವನೇ. ಅವನ ಮಗಳು ನೀನೋಳನ್ನು 1828ರಲ್ಲಿ ರಷ್ಯದ ನಾಟಕಕಾರ, ರಾಯಭಾರಿ ಗ್ರಿಬೊಯೆದೊವ್ ಮದುವೆಯಾದ. ಮರುವರ್ಷವೇ ತೆಹರಾನಿನಲ್ಲಿ ರಾಯಭಾರ ಕಚೇರಿಗೆ ನುಗ್ಗಿದ ಜನ ಅವನನ್ನು ಕೊಂದರು. ಹದಿಹರೆಯದಲ್ಲೇ ವಿಧವೆಯಾದ ನೀನೋ 1857ರಲ್ಲಿ ಕಾಲರಾಕ್ಕೆ ತೀರಿಹೋಗುವವರೆಗೂ ಮತ್ತೆ ಮದುವೆಯಾಗಲಿಲ್ಲ.

ಜನರಲ್ ಸತ್ತ ಮೇಲೆ ಮಗ ದಾವೀದನ ಕಾಲ. 1854ರ ಬೇಸಿಗೆಯಲ್ಲಿ ದಾಗೆಸ್ತಾನದ ಇಮಾಮ್ ಶಮೀಲನ ಕುದುರೆ ಸವಾರರು ಬೆಟ್ಟ ಇಳಿದು ಬಂದು ಮನೆಗೆ ಬೆಂಕಿ ಇಟ್ಟರು. ದಾವೀದನ ಹೆಂಡತಿ ಆನಾ, ಅವಳ ತಂಗಿ ವರ್ವಾರಾ, ಮಕ್ಕಳು, ಮಕ್ಕಳಿಗೆ ಪಾಠ ಹೇಳಲು ಬಂದಿದ್ದ ಫ್ರೆಂಚ್ ಹೆಂಗಸು, ಎಲ್ಲರನ್ನೂ ಒತ್ತೆಯಾಗಿ ಎತ್ತಿಕೊಂಡು ಹೋದರು. ಶಮೀಲನಿಗೆ ಬೇಕಾಗಿದ್ದುದು ಮುಖ್ಯವಾಗಿ ಅವನ ಮಗ ಜಮಾಲುದ್ದೀನ್. 1839ರಲ್ಲಿ ಎಳೆಯ ಹುಡುಗನಾಗಿದ್ದಾಗ ರಷ್ಯದವರು ಒತ್ತೆ ಇಟ್ಟುಕೊಂಡು, ಜಾರನ ಆಶ್ರಯದಲ್ಲಿ ಸಾಕಿ, ರಷ್ಯದ ಅಧಿಕಾರಿಯನ್ನಾಗಿ ಮಾಡಿದ್ದರು. ಸುಮಾರು ಎಂಟು ತಿಂಗಳ ಚೌಕಾಸಿಯ ಬಳಿಕ 1855ರ ಮಾರ್ಚಿನಲ್ಲಿ ಆ ಮಗ ಮತ್ತು 40,000 ರೂಬಲ್‌ಗೆ ಬದಲಾಗಿ ಹೆಂಗಸರು ಮಕ್ಕಳು ಬಿಡುಗಡೆಯಾದರು. ಜಮಾಲುದ್ದೀನ್ ಅಪ್ಪನ ಬೆಟ್ಟಕ್ಕೆ ಮರಳಿದ. ಅಲ್ಲಿ ಬೇರು ಹಿಡಿಯದೆ 1858ರಲ್ಲಿ ಕಾಯಿಲೆಯಿಂದ ತೀರಿಹೋದ. ನನಗಂತೂ ಈ ಕಥೆಯಲ್ಲಿ ಅತ್ಯಂತ ಪಾಪ ಅನ್ನಿಸಿದ್ದು ಈ ಹುಡುಗನೇ.

ಬಿಡುಗಡೆಗೆಂದು ದಾವೀದ ಮಾಡಿದ ಸಾಲದ ಹಣದಿಂದ ಮನೆಯವರು ಬಂದರು, ಸಾಲ ಮಾತ್ರ ಹೋಗಲಿಲ್ಲ. ತೋಟ, ಮನೆ ಎಲ್ಲ ಕೈತಪ್ಪಿ ಕಡೆಗೆ ರಷ್ಯದ ಅರಸುಮನೆತನದ ಪಾಲಾಯಿತು. ಆ ತೋಟದಲ್ಲಿ ಅರಸರ ಕಾರುಬಾರಿನಲ್ಲಿ ಆದದ್ದೇ 1886ರ ತ್ಸಿನಂದಾಲಿ. ಇದನ್ನು ಯಜಮಾನರು ಹೇಳಿ ಮುಗಿಸಿದಾಗ ನಾನು ಸೀಸೆಯನ್ನು ಮತ್ತೊಮ್ಮೆ ತಿರುಗಿಸಿ ನೋಡಿದೆ. ದ್ರಾಕ್ಷಿ ಬೆಳೆದವನು ಒಬ್ಬ, ಸಾಲಕ್ಕೆ ಹೊಲ ಬಿಟ್ಟವನು ಅವನ ಮಗ, ಹೆಸರು ಮಾಡಿದವರು ಮೂರನೆಯವರು. ನಮ್ಮ ತಾಲ್ಲೂಕಿನಲ್ಲೂ ಇಂಥ ಕಥೆಗಳಿವೆ, ಆದರೆ ಯಾರೂ ಸೀಸೆಗೆ ಹಾಕಿ ಊರಿನ ಹೆಸರಿಟ್ಟಿಲ್ಲ.

ಸೋವಿಯತ್ ಕಾಲದಲ್ಲಿ ಜಾರ್ಜಿಯಾದ ವೈನುಗಳಿಗೆ ನಂಬರು ಹಚ್ಚಿದಾಗ ತ್ಸಿನಂದಾಲಿಗೆ ಸಿಕ್ಕಿದ್ದು ಒಂದನೆಯ ನಂಬರು. ಆದರೆ ಅದೇ ಮಾಸ್ಕೋದಿಂದ 1985ರಲ್ಲಿ ಗೋರ್ಬಚೆವ್ ಅವರ ಪಾನವಿರೋಧಿ ಆಂದೋಲನ ಬಂದು ಬಳ್ಳಿಗಳನ್ನೇ ಕೀಳಿಸಿತು. 2006ರಲ್ಲಿ ರಷ್ಯ ಜಾರ್ಜಿಯಾದ ವೈನಿಗೆ ಬಾಗಿಲು ಹಾಕಿತು. ರಫ್ತಿನ ಬಹುಪಾಲು ಹೋಗುತ್ತಿದ್ದುದೇ ಅಲ್ಲಿಗೆ. ಬಾಗಿಲು ಮತ್ತೆ ತೆರೆದದ್ದು 2013ರಲ್ಲಿ. ಆ ನಡುವೆ ಬೇರೆ ದೇಶದ ಗಿರಾಕಿಗಳನ್ನು ಹುಡುಕಿಕೊಂಡು ಹೊರಟವರಿಗೆ ಒಂದು ಅಚ್ಚರಿ ಕಾದಿತ್ತು. ಯುರೋಪು, ಅಮೆರಿಕದ ಶೋಕಿಲಾಲರು ಕೇಳಿದ್ದು ಯುರೋಪಿನಂಥದ್ದನ್ನಲ್ಲ, ಮನೆಯ ಹಗೇವಿನಲ್ಲಿದ್ದ ಆ ಅಂಬರಿನದನ್ನೇ. ಮೊಮ್ಮಗನ ಸೂಟಿಗಿಂತ ಅಜ್ಜನ ರುಮಾಲಿಗೆ ಹೆಚ್ಚು ದರ ಬಂತೆಂದು ಯಜಮಾನರು ಗಹಗಹಿಸಿ ನಕ್ಕರು. ಈ ಉಪಮೆ ಅವರದು, ರುಮಾಲು ಮಾತ್ರ ಮಗಳ ಅನುವಾದದಲ್ಲಿ ಸೇರಿದ್ದು.

ಹಾರೈಕೆ ಸುತ್ತಿ ಸುತ್ತಿ ಕಡೆಗೆ ನನ್ನ ಸರದಿಗೆ ಬಂತು. ತಮಾದಾ ತನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಅತಿಥಿಗೆ ದಾಟಿಸುವುದು ಅಲ್ಲಿ ಗೌರವ. ನನಗೆ ಬರುವ ಭಾಷಣ ಒಂದೇ, ಸಹಕಾರಿ ಸಂಘದ ವಾರ್ಷಿಕ ಸಭೆಯದು. ಎದ್ದು ನಿಂತು, ‘ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ’ ಎಂದು ಶುರು ಮಾಡಿ, ಮಳೆ, ಬೆಳೆ, ಬೂದುರೋಗ, ಆಳಿನ ಕೂಲಿ, ಕರೆಂಟಿನ ಸಮಸ್ಯೆ ಎಲ್ಲವನ್ನೂ ಮುಟ್ಟಿ, ಸರ್ಕಾರ ಇತ್ತ ಗಮನ ಹರಿಸಬೇಕೆಂದು ಒತ್ತಾಯಿಸಿ ಕೂತೆ. ಸೊಸೆ ಅದನ್ನೆಲ್ಲ ಮೂರು ಮಾತಿನಲ್ಲಿ ಮುಗಿಸಿದಳು. ‘ಏನ ಹೇಳಿದಿ?’ ಎಂದು ಕೇಳಿದರೆ ‘ನಿಮ್ಮ ಬಳ್ಳಿ ಚೊಲೋ ಇರಲಿ ಅಂದೆ ಮಾಮಾ’ ಎಂದಳು. ಮುದುಕರೊಬ್ಬರು ಎದ್ದು ಬಂದು ನನ್ನನ್ನು ತಬ್ಬಿಕೊಂಡರು.

ಟಿಬಿಲಿಸಿಯ ಗುಡ್ಡದ ಮೇಲೆ ಒಬ್ಬ ತಾಯಿಯ ದೊಡ್ಡ ಪ್ರತಿಮೆ ಇದೆ, 1958ರದು. ಒಂದು ಕೈಯಲ್ಲಿ ಬಂದ ಗೆಳೆಯನಿಗೆ ವೈನ್ ಬಟ್ಟಲು, ಇನ್ನೊಂದರಲ್ಲಿ ಬಂದ ಶತ್ರುವಿಗೆ ಕತ್ತಿ. ಅದನ್ನು ತೋರಿಸಿದ ಮಗಳು, ‘ಕುಡಿಯೂದುಲ್ಲ ಅಂದವರಿಗೆ ಯಾವುದು ಅಂತ ಇನ್ನೂ ತೀರ್ಮಾನ ಆಗಿಲ್ಲ ಮಾಮಾ’ ಅಂದಳು.

ನನ್ನ ತೀರ್ಪು ಕೇಳುವವರಿಗೆ ಹೇಳುತ್ತೇನೆ. ಅಂಬರು ಬಣ್ಣದ್ದನ್ನೂ ಮರುದಿನ ನಾಲಗೆಗೆ ಮುಟ್ಟಿಸಿ ನೋಡಿದೆ. ಒಗರು, ಗಡುಸು, ಬಾಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಪುರಾತನದ ಮರ್ಯಾದೆ ಅದಕ್ಕೇ ಸಲ್ಲಬೇಕು. ಊಟದ ಜೊತೆಗೆ ಮಾತ್ರ ನನ್ನ ಓಟು ತ್ಸಿನಂದಾಲಿಗೆ, ಅದೂ ಎರಡು ಗುಟುಕಿನ ಮಟ್ಟಿಗೆ. ನೀವು ಆ ಕಡೆ ಹೋಗುವುದಾದರೆ ಸೆಪ್ಟೆಂಬರ್ ಕೊನೆಗೆ ಹೋಗಿ, ಕಾಖೇತಿಯಲ್ಲಿ ಸುಗ್ಗಿ ಇರುತ್ತದೆ. ಚಾವ್ಚಾವಾಡ್ಜೆಯ ಮನೆ ಈಗ ವಸ್ತುಸಂಗ್ರಹಾಲಯ; ಕುಡಿಯದವರೂ ಅದರ ತೋಟದಲ್ಲಿ ಆರಾಮಾಗಿ ತಿರುಗಾಡಬಹುದು. ಯಾರಾದರೂ ಮನೆಗೆ ಊಟಕ್ಕೆ ಕರೆದರೆ ಹೋಗಲೇಬೇಕು. ಆದರೆ ಅವತ್ತು ಸಂಜೆಗೆ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಶುಗರ್ ಇದೆ ಎಂದು ಮಾತ್ರ ಅಪ್ಪಿತಪ್ಪಿಯೂ ಬಾಯಿ ಬಿಡಬೇಡಿ.